ಬಿಪಿ ನೋಡುವಾಗ ಗಂಡಸರನ್ನು ಇನ್ನೊಂದು ಮಾತೂ ಕೇಳಿ

ಕೋಲಾರ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನಾನು ಬಂಗಾರಪೇಟೆಯಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದೇನೆ. ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ನನ್ನದು ಒಂದೇ ಕೋರಿಕೆ. ಅದನ್ನು ನಿಮಗೆ ಖಾಸಗಿಯಾಗಿ ಬರೆದು ಕಳಿಸಬಹುದಿತ್ತು. ಆದರೆ ಈ ವಿಷಯ ಖಾಸಗಿಯಾಗಿ ಉಳಿದಿದ್ದೇ ನಮ್ಮ ಜಿಲ್ಲೆಯ ಗಂಡಸರಿಗೆ ಮುಳುವಾಗಿದೆ. ಅದಕ್ಕೇ ಎಲ್ಲರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಗೃಹ ಆರೋಗ್ಯ ಯೋಜನೆ 2024ರಲ್ಲಿ ಪ್ರಯೋಗವಾಗಿ ಶುರುವಾಗಿದ್ದು ನಮ್ಮ ಕೋಲಾರದಲ್ಲಿ. ಆಮೇಲೆ ಬೇರೆ ಜಿಲ್ಲೆಗಳಿಗೂ ಹೋಯಿತು. 30 ವರ್ಷ ದಾಟಿದವರ ಬಿಪಿ, ಶುಗರ್‌ ಅನ್ನು ಮನೆ ಬಾಗಿಲಲ್ಲೇ ನೋಡಿ, ಬೇಕಾದವರಿಗೆ ಮಾತ್ರೆಯನ್ನೂ ಕೊಡುವುದು ದೊಡ್ಡ ಕೆಲಸ. ಅದನ್ನು ಮನಸಾರೆ ಮೆಚ್ಚುತ್ತೇನೆ. ಮೊದಲು ಶುರು ಮಾಡಿದ ಜಿಲ್ಲೆ ಎಂಬ ಕಾರಣಕ್ಕೇ ಈ ಕೋರಿಕೆಯನ್ನೂ ಮೊದಲು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕೋರಿಕೆ ಇಷ್ಟೇ. ಒಬ್ಬ ಗಂಡಸಿಗೆ ಬಿಪಿ ಇದೆ ಅಂತ ಗೊತ್ತಾದರೆ, ಅವನನ್ನು ಒಂದು ನಿಮಿಷ ಪಕ್ಕಕ್ಕೆ ಕರೆದು, "ಹೆಂಡತಿ ಜೊತೆ ಸೇರುವಾಗ ಏನಾದರೂ ತೊಂದರೆ ಆಗ್ತಿದೆಯಾ? ಅದಕ್ಕೆ ಏನಾದರೂ ಮಾತ್ರೆ ತಗೊಳ್ತಿದ್ದೀರಾ?" ಎಂದು ಕೇಳಿಸಿ. ಉತ್ತರವನ್ನು ಅವನ ಕಾರ್ಡಿನಲ್ಲಿ ಗುಟ್ಟಾಗಿ ಗುರುತು ಹಾಕಿಸಿ. ಹೌದು ಅಂದವನನ್ನು ಡಾಕ್ಟರ್ ಹತ್ತಿರ ಕಳಿಸಿ.

ಇದನ್ನು ಯಾಕೆ ಕೇಳುತ್ತಿದ್ದೇನೆ ಎಂದು ಹೇಳುತ್ತೇನೆ.

ಅಂಗಡಿಯ ಈಚೆ ಕಡೆ ನಿಂತವನಿಗೆ ಒಂದು ವಿಷಯ ಚೆನ್ನಾಗಿ ಕಾಣುತ್ತದೆ. ಯಾರು ಮಾತ್ರೆ ಬಿಟ್ಟರು ಅನ್ನುವುದು. ಹೊಸದಾಗಿ ಬಿಪಿ ಬಂದವನು ಮೊದಲ ತಿಂಗಳು ಚೀಟಿ ತಂದು ತಿಂಗಳಿಗಾಗುವಷ್ಟು ಮಾತ್ರೆ ತೆಗೆದುಕೊಂಡು ಹೋಗುತ್ತಾನೆ. ಎರಡನೇ ತಿಂಗಳು "ಹತ್ತು ಕೊಡಿ ಸಾಕು" ಅನ್ನುತ್ತಾನೆ. ಆಮೇಲೆ ಬರುವುದೇ ಇಲ್ಲ. ದುಡ್ಡಿಗೆ ಕಷ್ಟವೇನೋ, ಸರ್ಕಾರಿ ಆಸ್ಪತ್ರೆಯಲ್ಲಿ ತೆಗೆದುಕೊಳ್ಳುತ್ತಿದ್ದಾನೇನೋ ಅಂದುಕೊಳ್ಳಬಹುದು. ಆದರೆ ಅದೇ ಮನುಷ್ಯ ಒಂದು ದಿನ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಬರುತ್ತಾನೆ. ಬೇರೆ ಗಿರಾಕಿಗಳು ಹೋಗಲಿ ಅಂತ ಮೂಲೆಯಲ್ಲಿ ನಿಲ್ಲುತ್ತಾನೆ. ಕೊನೆಗೆ ತಗ್ಗಿದ ದನಿಯಲ್ಲಿ "ಆ ಮಾತ್ರೆ ಇದೆಯಾ ಸಾರ್" ಅನ್ನುತ್ತಾನೆ. ಚೀಟಿ ಬೇಕು ಅಂದರೆ ಮುಖ ಸಪ್ಪೆ ಮಾಡಿಕೊಂಡು ಮುಂದಿನ ಅಂಗಡಿಗೆ ನಡೆಯುತ್ತಾನೆ. ಬಿಪಿ ಮಾತ್ರೆ ಯಾಕೆ ಬಿಟ್ಟಿರಿ ಅಂತ ಕೇಳಿದರೆ, ಧೈರ್ಯ ಇದ್ದವರು ಮಾತ್ರ ನಿಜ ಹೇಳುತ್ತಾರೆ. "ಅದು ತಗೊಂಡ ಮೇಲೆ ಮನೇಲಿ ಏನೂ ಆಗ್ತಿಲ್ಲ ಸಾರ್. ಇರೋ ಗಂಡಸ್ತನಾನೂ ಹೋಯ್ತು."

ಇಂಥವರು ಒಬ್ಬಿಬ್ಬರಲ್ಲ. ಟೊಮ್ಯಾಟೊ ಲೋಡ್ ಹೊಡೆಯುವ ಡ್ರೈವರ್‌ಗಳು, ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಬರುವವರು, ಮೇಷ್ಟರು, ರೈತರು, ಎಲ್ಲರೂ ಇದ್ದಾರೆ. ಅವರಿಗೆ ಯಾರೂ ಹೇಳದ ಮಾತು ಒಂದಿದೆ. ಬಹಳ ಸಲ ಈ ತೊಂದರೆ ಕೊಟ್ಟಿದ್ದು ಮಾತ್ರೆ ಅಲ್ಲ, ಬಿಪಿಯೇ.

ನಿಮಿರುವುದು ಅಂದರೆ ಮೂಲದಲ್ಲಿ ರಕ್ತದ ಕೆಲಸ. ಮನಸ್ಸಿಗೆ ಆಸೆ ಬಂದಾಗ ನರಗಳಿಂದಲೂ ರಕ್ತನಾಳದ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬರುತ್ತದೆ. ಅದು ನಾಳದ ಸ್ನಾಯುವನ್ನು ಸಡಿಲ ಮಾಡುತ್ತದೆ. ನಾಳ ಅಗಲವಾಗುತ್ತದೆ, ರಕ್ತ ನುಗ್ಗುತ್ತದೆ, ಅಲ್ಲೇ ನಿಲ್ಲುತ್ತದೆ. ಈ ಅನಿಲ ರಕ್ತನಾಳಗಳಿಗೆ ಹೇಗೆ ಸುದ್ದಿ ಮುಟ್ಟಿಸುತ್ತದೆ ಎಂದು ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ, ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಅವರಿಗೆ, 1998ರಲ್ಲಿ ನೊಬೆಲ್ ಬಂತು. ಬಿಪಿ ವರ್ಷಗಟ್ಟಲೆ ಜಾಸ್ತಿ ಇದ್ದರೆ ಮೊದಲು ಏಟು ತಿನ್ನುವುದು ಈ ಒಳಪದರವೇ. ಅದು ಒರಟಾಗುತ್ತದೆ, ನಾಳ ಗಟ್ಟಿಯಾಗುತ್ತದೆ, ಒಳಗಿನ ದಾರಿ ಕಿರಿದಾಗುತ್ತದೆ. ಬೇಕಾದ ಹೊತ್ತಿಗೆ ಬೇಕಾದಷ್ಟು ನೈಟ್ರಿಕ್ ಆಕ್ಸೈಡ್ ಹುಟ್ಟುವುದಿಲ್ಲ.

ಇದು ಅಲ್ಲೇ ಮೊದಲು ಯಾಕೆ ಕಾಣಿಸುತ್ತದೆ? ಆ ಭಾಗದ ರಕ್ತನಾಳ 1ರಿಂದ 2 ಮಿಲಿಮೀಟರ್ ಅಷ್ಟೇ ಅಗಲ. ಹೃದಯಕ್ಕೆ ರಕ್ತ ಕೊಡುವ ನಾಳ 3ರಿಂದ 4 ಮಿಲಿಮೀಟರ್ ಇರುತ್ತದೆ. ನಮ್ಮ ಕಡೆ ರೈತರಿಗೆ ಇದನ್ನು ಹೇಳುವುದು ಸುಲಭ. ಬೋರ್‌ವೆಲ್ ಉಪ್ಪು ನೀರು ಬಿಟ್ಟ ತೋಟದಲ್ಲಿ ಮೊದಲು ಕಟ್ಟಿಕೊಳ್ಳುವುದು ಡ್ರಿಪ್ಪಿನ ಸಣ್ಣ ತೂತು. ಮೇನ್ ಪೈಪು ಇನ್ನೂ ಚೆನ್ನಾಗಿಯೇ ಹರಿಯುತ್ತಿರುತ್ತದೆ. ಆದರೆ ಸಣ್ಣ ತೂತು ಕಟ್ಟಿದ ತೋಟದಲ್ಲಿ ದೊಡ್ಡ ಪೈಪಿನ ಒಳಗೂ ಉಪ್ಪು ಕೂರುತ್ತಿದೆ ಅಂತ ಯಾವ ರೈತನಿಗೂ ಗೊತ್ತು. ದೇಹದಲ್ಲೂ ಹಾಗೆಯೇ. ನಿಮಿರುವಿಕೆಯ ತೊಂದರೆ ಎಷ್ಟೋ ಜನರಲ್ಲಿ ಹೃದಯದ ತೊಂದರೆಗಿಂತ ಎರಡರಿಂದ ಐದು ವರ್ಷ ಮೊದಲೇ ಕಾಣಿಸುತ್ತದೆ ಎಂದು ಹೃದಯ ತಜ್ಞರು ಹೇಳುತ್ತಾರೆ.

ಸ್ವಾಮಿ, ಇಲಾಖೆಗೆ ಇದಕ್ಕಿಂತ ಒಳ್ಳೆ ಅವಕಾಶ ಇನ್ನೆಲ್ಲಿ ಸಿಗುತ್ತದೆ? ಬಿಪಿಗೆ ನೋವಿಲ್ಲ, ಜ್ವರ ಇಲ್ಲ. 45ರ ಗಂಡಸು "ನಂಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ" ಅಂತ ಅದನ್ನು ತಳ್ಳಿಹಾಕುತ್ತಾನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಲ್ಲಿ ದೇಶದ 15 ವರ್ಷ ದಾಟಿದ ಗಂಡಸರಲ್ಲಿ 24% ಜನರಿಗೆ ಬಿಪಿ ಜಾಸ್ತಿ ಇತ್ತು, ಅಥವಾ ಅದಕ್ಕೆ ಮಾತ್ರೆ ನಡೆದಿತ್ತು. ಇಷ್ಟು ಜನರಲ್ಲಿ ತಾನಾಗಿ ಬಂದು ತೋರಿಸಿಕೊಳ್ಳುವವರು ಕಡಿಮೆ. ಆದರೆ ಈ ಒಂದು ತೊಂದರೆಗೆ ಮಾತ್ರ ಅವನು ರಾತ್ರಿ ಒಂಬತ್ತಕ್ಕೆ ನಾಲ್ಕು ಅಂಗಡಿ ಸುತ್ತುತ್ತಾನೆ. ಅವನು ತಾನಾಗಿ ಚಿಂತೆ ಮಾಡುತ್ತಿರುವ ಜಾಗ ಅದೊಂದೇ. ಅಲ್ಲಿ ಅವನ ಕೈ ಹಿಡಿದರೆ ಬಿಪಿಯೂ ಸಿಗುತ್ತದೆ, ಶುಗರ್ರೂ ಸಿಗುತ್ತದೆ, ಹೃದಯವೂ ಉಳಿಯುತ್ತದೆ.

ಇನ್ನು ಮಾತ್ರೆಗಳ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಊರಲ್ಲಿ ಹರಡಿರುವ ಭಯ ಎಲ್ಲಾ ಇದರ ಸುತ್ತಲೇ ಇದೆ.

ಬಿಪಿ ಮಾತ್ರೆಗಳಲ್ಲಿ ಎಲ್ಲವೂ ಒಂದೇ ಅಲ್ಲ. ಅಟೆನೊಲಾಲ್, ಪ್ರೊಪ್ರನೊಲಾಲ್‌ನಂಥ ಹಳೆಯ ಬೀಟಾ ಬ್ಲಾಕರ್‌ಗಳು (ಹೃದಯದ ಬಡಿತ ನಿಧಾನ ಮಾಡುವ ಮಾತ್ರೆಗಳು), ಮೂತ್ರ ಜಾಸ್ತಿ ಮಾಡಿಸುವ ಕ್ಲೋರ್‌ಥಲಿಡೋನ್, ಹೈಡ್ರೋಕ್ಲೋರೋಥಯಜೈಡ್‌ನಂಥವು ಕೆಲವರಲ್ಲಿ ಈ ತೊಂದರೆ ಕೊಡಬಹುದು. ಅಮೆರಿಕದಲ್ಲಿ ಹಗುರ ಬಿಪಿ ಇದ್ದವರ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ಎರಡು ವರ್ಷದ ಹೊತ್ತಿಗೆ ಕ್ಲೋರ್‌ಥಲಿಡೋನ್ ತೆಗೆದುಕೊಂಡ ಗಂಡಸರಲ್ಲಿ 17.1% ಜನ ತೊಂದರೆ ಹೇಳಿದರು. ಹುಸಿ ಮಾತ್ರೆ, ಅಂದರೆ ಒಳಗೆ ಔಷಧಿಯೇ ಇಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ 8.1%. ನಾಲ್ಕು ವರ್ಷ ಆಗುವಷ್ಟರಲ್ಲಿ ಈ ಅಂತರ ಹೆಚ್ಚುಕಡಿಮೆ ಹೋಗಿತ್ತು, 18.3% ಮತ್ತು 16.7%. ಅಂದರೆ ಮಾತ್ರೆಯ ದೋಷ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಗಂಡಸರು ಹೇಳುವುದರಲ್ಲಿ ಸತ್ಯ ಇದೆ. ಅದನ್ನು "ಎಲ್ಲಾ ನಿಮ್ಮ ಭ್ರಮೆ" ಎಂದು ತಳ್ಳುವ ಡಾಕ್ಟರ್‌ಗಳ ಬಗ್ಗೆ ನನಗೆ ಬೇಸರವಿದೆ.

ಆದರೆ ಇನ್ನೊಂದು ಸತ್ಯವೂ ಇದೆ. ದೇಶದ ಬಿಪಿ ನಿಯಂತ್ರಣ ಕಾರ್ಯಕ್ರಮದಲ್ಲಿ ಸಾಮಾನ್ಯವಾಗಿ ಮೊದಲು ಕೊಡುವುದು ಆಮ್ಲೋಡಿಪಿನ್, ಆಮೇಲೆ ಟೆಲ್ಮಿಸಾರ್ಟನ್. ಇವೆರಡೂ ಈ ವಿಷಯದಲ್ಲಿ ತಂಟೆ ಮಾಡದ ಮಾತ್ರೆಗಳು ಎಂದೇ ಹೆಸರಾದವು. ಟೆಲ್ಮಿಸಾರ್ಟನ್, ಲೋಸಾರ್ಟನ್ ಗುಂಪಿನವು ಕೆಲವರಿಗೆ ಸ್ವಲ್ಪ ಅನುಕೂಲವೇ ಮಾಡಬಹುದು ಎನ್ನುವ ತಜ್ಞರೂ ಇದ್ದಾರೆ. ಅಂದರೆ ನಮ್ಮ ಹಳ್ಳಿಯವನು ಪುಕ್ಕಟೆಯಾಗಿ ಸಿಕ್ಕ ಆಮ್ಲೋಡಿಪಿನ್ ಅನ್ನು ಗಂಡಸ್ತನಕ್ಕೆ ಹೆದರಿ ಮೂಲೆಗೆ ಎಸೆದರೆ, ಅವನು ಎಸೆದಿದ್ದು ನಿರಪರಾಧಿಯನ್ನು. ಬಿಪಿ ಮಾತ್ರ ಒಳಗೇ ಕೂತು ತನ್ನ ಕೆಲಸ ಮುಂದುವರಿಸುತ್ತದೆ.

ಭಯ ಎಷ್ಟು ದೊಡ್ಡದು ಎಂದು ತೋರಿಸಲು 2003ರಲ್ಲಿ ಇಟಲಿಯ ಡಾಕ್ಟರ್‌ಗಳು ಪ್ರಕಟಿಸಿದ ಒಂದು ಅಧ್ಯಯನವನ್ನು ನಾನು ಗಿರಾಕಿಗಳಿಗೆ ಹೇಳುತ್ತಿರುತ್ತೇನೆ. 96 ಗಂಡಸರು. ಎಲ್ಲರಿಗೂ ಅಟೆನೊಲಾಲ್ ಕೊಟ್ಟರು. ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಯಾವ ಮಾತ್ರೆ ಎಂದೇ ಹೇಳಲಿಲ್ಲ. ಎರಡನೆಯದಕ್ಕೆ ಮಾತ್ರೆಯ ಹೆಸರು ಹೇಳಿದರು. ಮೂರನೆಯದಕ್ಕೆ ಹೆಸರನ್ನೂ ಹೇಳಿ, ಇದರಿಂದ ನಿಮಿರುವಿಕೆಗೆ ತೊಂದರೆ ಆಗಬಹುದು ಎಂದೂ ಹೇಳಿದರು. ತೊಂದರೆ ಬಂದಿದ್ದು ಮೊದಲ ಗುಂಪಿನಲ್ಲಿ 3.1% ಜನಕ್ಕೆ, ಎರಡನೆಯದರಲ್ಲಿ 15.6%, ಮೂರನೆಯದರಲ್ಲಿ 31.2%. ಮಾತ್ರೆ ಒಂದೇ, ಪ್ರಮಾಣ ಒಂದೇ. ತೊಂದರೆ ಬಂದವರಿಗೆ ಆಮೇಲೆ ನಿಮಿರುವಿಕೆಯ ಮಾತ್ರೆಯಾದ ಸಿಲ್ಡೆನಾಫಿಲ್ ಕೊಟ್ಟರೂ ಸರಿಹೋಯಿತು, ಬರೀ ಹುಸಿ ಮಾತ್ರೆ ಕೊಟ್ಟರೂ ಒಬ್ಬರನ್ನು ಬಿಟ್ಟು ಎಲ್ಲರಿಗೂ ಸರಿಹೋಯಿತು.

ಇದನ್ನು ಓದಿ "ಹಾಗಾದರೆ ಏನೂ ಹೇಳದೆ ಇರುವುದೇ ಒಳ್ಳೆಯದು" ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ನೀವು ಹೇಳದಿದ್ದರೆ ಅರಳಿಕಟ್ಟೆ ಹೇಳುತ್ತದೆ, ಫೋನಿನಲ್ಲಿ ಬರುವ ವಿಡಿಯೋ ಹೇಳುತ್ತದೆ, ಅದೂ ಹತ್ತು ಪಾಲು ಸೇರಿಸಿ. ಹೆದರಿಸುವ ರೀತಿಯಲ್ಲಿ ಸಾರುವುದು ಬೇಡ. ಕೇಳುವ ರೀತಿಯಲ್ಲಿ ಮಾತಾಡಿಸಿದರೆ ಸಾಕು. "ತೊಂದರೆ ಇದ್ದರೆ ಹೇಳಿ, ಬೇರೆ ಮಾತ್ರೆ ಇದೆ, ಆದರೆ ನೀವಾಗಿ ಬಿಡಬೇಡಿ." ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗೆ, ಅದರಲ್ಲೂ ಹೃದಯದ ಕಾಯಿಲೆ ಇರುವವರಿಗೆ, ಈ ಕೊನೆ ಮಾತು ಬಹಳ ಮುಖ್ಯ. ಅದನ್ನು ಒಮ್ಮೆಗೇ ನಿಲ್ಲಿಸಿದರೆ ಬಿಪಿ ಧಿಡೀರ್ ಏರಬಹುದು, ಎದೆನೋವು ಬರಬಹುದು, ಹೃದಯಾಘಾತವೂ ಆಗಬಹುದು.

ರಾತ್ರಿ ಹೊತ್ತು ಕೇಳಿಕೊಂಡು ಬರುವ "ಆ ಮಾತ್ರೆ"ಯ ಬಗ್ಗೆಯೂ ಹೇಳಬೇಕು. ಸಿಲ್ಡೆನಾಫಿಲ್ ಅನ್ನು ಮೊದಲು ಪರೀಕ್ಷೆ ಮಾಡಿದ್ದೇ ಹೃದಯದ ಎದೆನೋವಿಗೆ. ಅದಕ್ಕೆ ಅಷ್ಟಾಗಿ ಕೆಲಸಕ್ಕೆ ಬರಲಿಲ್ಲ, ಇದಕ್ಕೆ ಬಂತು. 1998ರ ಮಾರ್ಚ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಬಿಪಿ ಹಿಡಿತದಲ್ಲಿ ಇದ್ದು, ಡಾಕ್ಟರ್ ನೋಡಿ ಬರೆದರೆ ಹೆಚ್ಚಿನವರು ಅದನ್ನು ತೆಗೆದುಕೊಳ್ಳಬಹುದು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಭಯ ಇರುವುದು ಬೇರೆ ಕಡೆ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಐಸೋಸಾರ್ಬೈಡ್, ನೈಟ್ರೋಗ್ಲಿಸರಿನ್ ಜಾತಿಯ ಮಾತ್ರೆಗಳ ಜೊತೆ ಇದು ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಪ್ರಾಣವೇ ಹೋಗಬಹುದು. ಸಿಲ್ಡೆನಾಫಿಲ್ ನುಂಗಿದವನಿಗೆ 24 ಗಂಟೆ, ಅದೇ ಜಾತಿಯ ಟಡಲಾಫಿಲ್ ನುಂಗಿದವನಿಗೆ 48 ಗಂಟೆ ಎದೆನೋವಿನ ಈ ಮಾತ್ರೆಗಳನ್ನು ಕೊಡಬಾರದು. ಪ್ರಾಜೋಸಿನ್‌ನಂಥ ಬಿಪಿ ಮಾತ್ರೆಗಳ ಜೊತೆಯೂ ಎಚ್ಚರ ಬೇಕು.

ಈಗ ಯೋಚನೆ ಮಾಡಿ. ಗುಟ್ಟಾಗಿ ನುಂಗಿದ ಮನುಷ್ಯನಿಗೆ ನಡುರಾತ್ರಿ ಎದೆ ಹಿಡಿದುಕೊಂಡರೆ, ಹೆಂಡತಿಗೆ ಗೊತ್ತಿಲ್ಲ, ಮಗನಿಗೆ ಗೊತ್ತಿಲ್ಲ. ಅವನೂ ಬಾಯಿ ಬಿಡುವುದಿಲ್ಲ, ಮಗನ ಎದುರಿಗೆ ಹೇಗೆ ಹೇಳುತ್ತಾನೆ? ಪಕ್ಕದ ಮನೆಯವರು ಒಳ್ಳೆಯ ಮನಸ್ಸಿನಿಂದಲೇ ತಮ್ಮಲ್ಲಿರುವ ಎದೆನೋವಿನ ಮಾತ್ರೆ ತಂದು ನಾಲಿಗೆ ಕೆಳಗೆ ಇಡುತ್ತಾರೆ. ನಾನು ಎರಡನೇ ಪ್ರಶ್ನೆಯನ್ನೂ ಕೇಳಿಸಿ ಎಂದು ಬೇಡುತ್ತಿರುವುದು ಇದಕ್ಕಾಗಿ. 108 ಆಂಬ್ಯುಲೆನ್ಸಿನವರಿಗೂ, ತಾಲೂಕು ಆಸ್ಪತ್ರೆಯ ತುರ್ತು ವಿಭಾಗದವರಿಗೂ ಇದನ್ನು ಮನೆಯವರನ್ನು ಆಚೆ ಕಳಿಸಿ ಕೇಳುವ ಅಭ್ಯಾಸ ಮಾಡಿಸಿ.

ಗೋಡೆ ಬರಹಗಳ ಬಗ್ಗೆ ಒಂದು ಮಾತು. ಬಸ್ ಸ್ಟ್ಯಾಂಡ್ ಶೌಚಾಲಯದ ಗೋಡೆ, ರೈಲ್ವೆ ಸೇತುವೆ, ಟ್ರಾನ್ಸ್‌ಫಾರ್ಮರ್ ಕಂಬ, ಎಲ್ಲಿ ನೋಡಿದರೂ ಗುಪ್ತರೋಗ, ನರದೌರ್ಬಲ್ಯ, ಗ್ಯಾರಂಟಿ ಚಿಕಿತ್ಸೆ, ಇಂತಿಂಥ ವಾರ ಲಾಡ್ಜಿನಲ್ಲಿ ಸಿಗುತ್ತಾರೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧಿಗೆ ಜಾಹೀರಾತು ಕೊಡುವುದನ್ನು 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ನಿಷೇಧಿಸಿದೆ. ಕಾಯ್ದೆಗೆ 70 ವರ್ಷ ದಾಟಿತು, ಗೋಡೆ ಮಾತ್ರ ಖಾಲಿ ಆಗಿಲ್ಲ. ಗಿಡಮೂಲಿಕೆ ಎಂದು ಮಾರುವ ಇಂಥ ಪುಡಿ, ಕ್ಯಾಪ್ಸೂಲ್‌ಗಳಲ್ಲಿ ಸಿಲ್ಡೆನಾಫಿಲ್, ಟಡಲಾಫಿಲ್ ಬೆರೆಸಿರುವುದನ್ನು ಅಮೆರಿಕದ ಔಷಧಿ ಇಲಾಖೆ ಮತ್ತೆ ಮತ್ತೆ ಪತ್ತೆ ಮಾಡಿದೆ. ಎಷ್ಟು ಬೆರೆಸಿದ್ದಾರೆ ಎಂದು ನುಂಗುವವನಿಗೆ ಗೊತ್ತಿರುವುದಿಲ್ಲ. ಅವನಿಗೆ ಅದು ಸುಮ್ನೆ ಬೇರು, ತೊಗಟೆ. ಹಾಗಾಗಿ ಡಾಕ್ಟರ್ ಕೇಳಿದರೂ "ಯಾವ ಮಾತ್ರೆನೂ ಇಲ್ಲ" ಅಂತಲೇ ಹೇಳುತ್ತಾನೆ. ಔಷಧ ನಿಯಂತ್ರಣ ಇಲಾಖೆಯ ಜೊತೆ ಸೇರಿ ಇದಕ್ಕೊಂದು ಗತಿ ಕಾಣಿಸಿ.

ಈ ಪ್ರಶ್ನೆಯನ್ನು ಯಾರು ಕೇಳಬೇಕು ಎನ್ನುವುದು ಸಣ್ಣ ವಿಷಯವಲ್ಲ. ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಬೇಡಿ. ಆಕೆ ಆ ಊರಿನ ಸೊಸೆ, ಅಲ್ಲಿನ ಗಂಡಸರೆಲ್ಲ ಅವಳಿಗೆ ಮಾವ, ಬಾವ, ಮೈದುನ. ಆಕೆಗೂ ಮುಜುಗರ, ಅವರೂ ನಿಜ ಹೇಳುವುದಿಲ್ಲ. ಗಂಡು ಆರೋಗ್ಯ ಸಿಬ್ಬಂದಿಗೆ ಈ ಕೆಲಸ ಕೊಡಿ. ಅವರಿಗೆ ಒಂದು ದಿನದ ತರಬೇತಿ ಸಾಕು. ನಗಬಾರದು, ಯಾರ ಹತ್ತಿರವೂ ಹೇಳಬಾರದು, ಬೈಯಬಾರದು, ಇಷ್ಟು ಕಲಿತರೂ ಮುಕ್ಕಾಲು ಕೆಲಸ ಆಯಿತು. ಜೊತೆಗೆ ಹಗಲು ಹೊತ್ತು ಮನೆ ಮನೆಗೆ ಹೋದರೆ ಗಂಡಸರು ಸಿಗುವುದೇ ಕಷ್ಟ, ಅಲ್ವಾ? ಅವರು ಇರುವ ಕಡೆ ಬನ್ನಿ. ಕೋಲಾರದ ಎಪಿಎಂಸಿ ಟೊಮ್ಯಾಟೊ ಮಾರುಕಟ್ಟೆಗೆ ಬೆಳಗ್ಗೆ ಬನ್ನಿ. ಬಂಗಾರಪೇಟೆ ರೈಲ್ವೆ ಸ್ಟೇಷನ್‌ಗೆ ಸಂಜೆ ರೈಲು ಬರುವ ಹೊತ್ತಿಗೆ ಬನ್ನಿ. ನರಸಾಪುರ, ವೇಮಗಲ್ ಕಾರ್ಖಾನೆಗಳಿಗೆ ಶಿಫ್ಟ್ ಬದಲಾಗುವಾಗ ಹೋಗಿ. ಶ್ರೀನಿವಾಸಪುರಕ್ಕೆ ಮಾವಿನ ಸುಗ್ಗಿಯಲ್ಲಿ ಮಂಡಿಗೆ ಹೋಗಿ. ಬಿಪಿ ನೋಡುವ ಮೇಜಿನ ಪಕ್ಕದಲ್ಲಿ ಒಂದು ಪರದೆ ಕಟ್ಟಿದರೆ ಸಾಕು.

ಹೆಂಗಸರನ್ನೂ ಮರೆಯಬೇಡಿ. ನನ್ನ ಅಂಗಡಿಗೆ ಬರುವ ಹೆಂಡತಿಯರಲ್ಲಿ ಕೆಲವರಿಗೆ ಗಂಡನಿಗೆ ಬೇರೆ ಸಂಬಂಧ ಇದೆ ಅನ್ನುವ ಅನುಮಾನ. ಅವನು ದೂರ ಮಲಗುತ್ತಾನೆ, ಸಿಡಿಮಿಡಿ ಮಾಡುತ್ತಾನೆ, ಮಾತು ಕಡಿಮೆಯಾಗಿದೆ. ತನಗೆ ಆಗುತ್ತಿಲ್ಲ ಎಂದು ಹೇಳಿಕೊಳ್ಳಲಾಗದೆ ಅವನು ಒಳಗೇ ಕುದಿಯುತ್ತಿರುತ್ತಾನೆ, ಇವಳು ತನ್ನಲ್ಲೇ ಏನೋ ಕೊರತೆ ಅಂದುಕೊಂಡು ಸೊರಗುತ್ತಿರುತ್ತಾಳೆ. "ಇದು ರಕ್ತನಾಳದ ತೊಂದರೆ ಇರಬಹುದಮ್ಮ, ಬಿಪಿ ನೋಡಿಸಿ" ಅಂದಾಗ ಆ ತಾಯಂದಿರ ಮುಖದಲ್ಲಿ ಎಷ್ಟು ಹಗುರ ಕಾಣುತ್ತದೆ ಅಂದರೆ, ಆ ಮಾತನ್ನು ಸರ್ಕಾರದ ಬಾಯಿಂದಲೇ ಹೇಳಿಸಬೇಕು ಅಂತ ನನಗೆ ಅನ್ನಿಸುತ್ತದೆ. ಬಿಪಿ ಇರುವ ಹೆಂಗಸರಿಗೂ ಆಸೆ, ಸುಖ ಎರಡೂ ಕುಗ್ಗಬಹುದು. ಅವರನ್ನಂತೂ ಯಾರೂ ಕೇಳುವುದೇ ಇಲ್ಲ. ಅಲ್ಲಿಗೆ ಆಶಾ ಅಕ್ಕಂದಿರೇ ಸರಿಯಾದವರು.

ಈ ಪತ್ರ ಓದುವ ಗಂಡಸರಿಗೂ ನಾಲ್ಕು ಮಾತು. 140/90 ದಾಟಿದರೆ ಅದು ಬಿಪಿ. ಒಂದೇ ಸಲಕ್ಕೆ ಅಲ್ಲ, ಬೇರೆ ಬೇರೆ ದಿನ ನೋಡಿದಾಗಲೂ ಹಾಗೇ ಇದ್ದರೆ. ಇಂಥ ತೊಂದರೆ ನಿಮಗೊಬ್ಬರಿಗೇ ಬಂದಿದ್ದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 40ರಿಂದ 70 ವರ್ಷದ ಗಂಡಸರನ್ನು ಕೇಳಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 52% ಜನ ಸ್ವಲ್ಪವೋ ಹೆಚ್ಚೋ ತೊಂದರೆ ಇದೆ ಎಂದಿದ್ದರು. ಬೀಡಿ, ಸಿಗರೇಟು ಬಿಡಿ, ಅದು ನೇರವಾಗಿ ಇದೇ ನಾಳಗಳನ್ನು ಕೆಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಇರಲಿ ಅನ್ನುತ್ತದೆ, ಅಂದರೆ ಒಂದು ಟೀ ಚಮಚದಷ್ಟು, ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಎಲ್ಲಾ ಸೇರಿ. ನಡೆಯಿರಿ, ಬೆವರು ಬರುವ ಹಾಗೆ. ವಾರಕ್ಕೆ ನಾಲ್ಕು ದಿನ 40 ನಿಮಿಷ, ಆರು ತಿಂಗಳು ಹೀಗೆ ಮಾಡಿದರೆ ನಿಮಿರುವಿಕೆ ಸುಧಾರಿಸುತ್ತದೆ ಎಂದು ಹಲವು ಪರೀಕ್ಷೆಗಳನ್ನು ಒಟ್ಟುಮಾಡಿ ನೋಡಿದ ಸಂಶೋಧಕರು 2018ರಲ್ಲಿ ಬರೆದಿದ್ದಾರೆ. ಶುಗರ್ ಇದ್ದರೆ ಅದನ್ನೂ ನೋಡಿಕೊಳ್ಳಿ.

ಅಧಿಕಾರಿಗಳೇ, ನಾನು ಕೇಳುತ್ತಿರುವುದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ಬಿಪಿ ಯಂತ್ರ ನಿಮ್ಮವರ ಚೀಲದಲ್ಲೇ ಇದೆ, ಮಾತ್ರೆಯೂ ಇದೆ. ಕಾರ್ಡಿನಲ್ಲಿ ಒಂದು ಸಾಲು ಸೇರಿಸಬೇಕು, ತಾಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ಸಂಜೆ ಈ ಗಂಡಸರಿಗಾಗಿ ಒಬ್ಬ ಡಾಕ್ಟರ್ ಕೂರಬೇಕು.

ಅಂಗಡಿಯವರ ಕಡೆಯಿಂದ ನಾವು ಮಾಡಬಹುದಾದ್ದು ಒಂದಿದೆ. ಕೌಂಟರಿನ ಮುಂದೆ ಹಾಕಲು ಒಂದು ಸಣ್ಣ ಬೋರ್ಡು ಬರೆದಿಟ್ಟಿದ್ದೇನೆ. "ಬಿಪಿ ಮಾತ್ರೆ ನೀವಾಗಿ ಬಿಡಬೇಡಿ. ಗಂಡಸರ ತೊಂದರೆ ಬಂದಿದ್ದರೆ ಡಾಕ್ಟರಿಗೆ ಹೇಳಿ, ಮಾತ್ರೆ ಬದಲಾಯಿಸಬಹುದು. ಎದೆನೋವಿಗೆ ಮಾತ್ರೆ ತೆಗೆದುಕೊಳ್ಳುವವರು ನಿಮಿರುವಿಕೆಯ ಮಾತ್ರೆ ಮುಟ್ಟಬೇಡಿ." ಕನ್ನಡ, ತೆಲುಗು ಎರಡರಲ್ಲೂ ಬೇಕು, ನಮ್ಮ ಜಿಲ್ಲೆಯಲ್ಲಿ ಎರಡನ್ನೂ ಓದುವವರು ಇದ್ದಾರೆ. ಅಚ್ಚಿನ ಖರ್ಚು ನನ್ನದು. ಬಂಗಾರಪೇಟೆಯ ಉಳಿದ ಅಂಗಡಿಯವರನ್ನೂ ನಾನೇ ಹೋಗಿ ಕೇಳುತ್ತೇನೆ. ಬೋರ್ಡಿನ ಮಾತು ಸರಿ ಇದೆಯೇ ಎಂದು ನಿಮ್ಮ ಡಾಕ್ಟರ್‌ಗಳು ಒಮ್ಮೆ ನೋಡಿ, ತಿದ್ದುವುದಿದ್ದರೆ ತಿದ್ದಿ, ಹೂಂ ಅಂದರೆ ಸಾಕು.

ಇಂತಿ ನಿಮ್ಮ ವಿಶ್ವಾಸಿ,
ಬಂಗಾರಪೇಟೆಯ ಒಬ್ಬ ಔಷಧಿ ಅಂಗಡಿಯವನು